ಸುಮ್ಮನಿರುವುದು, ಸುಮ್ಮನಾಗುವುದು

ಕನ್ನಡದ ‘ಸುಮ್ಮನೆ’ ಎಂಬ ಮಾತಿಗೆ ಇರುವಷ್ಟು ಅರ್ಥಚ್ಛಾಯೆಗಳು ‘ಮೌನ’ವೆಂಬ ಗಂಭೀರ ಪದಕ್ಕೂ ಇಲ್ಲವೇನೋ. ಅಳುವ ಮಗುವಿಗೆ ತಾಯಿ ‘ಸುಮ್ಮನಿರು’ ಎನ್ನುತ್ತಾಳೆ, ಅದು ಸಾಂತ್ವನ. ಎದುರು ಪ್ರಶ್ನೆ ಕೇಳಿದ ಆಳಿಗೆ ಧಣಿ ‘ಸುಮ್ಮನಿರು’ ಎನ್ನುತ್ತಾನೆ, ಅದು ಅಪ್ಪಣೆ. ಬಹುದಿನಗಳ ಮೇಲೆ ಮನೆಗೆ ಬಂದ ನೆಂಟನನ್ನು ಬಂದ ಕಾರಣವೇನೆಂದು ಕೇಳಿದರೆ ‘ಸುಮ್ಮನೆ ಬಂದೆ’ ಎನ್ನುತ್ತಾನೆ. ಅಕ್ಕರೆಗೆ ಕಾರಣ ಕೊಡಬೇಕಾಗಿಲ್ಲವೆಂಬುದು ಅದರ ಇಂಗಿತ. ತಪ್ಪಿಲ್ಲದೆ ಬೈಸಿಕೊಂಡವನು ‘ಸುಮ್ಮಸುಮ್ಮನೆ ಬೈದರು’ ಎಂದು ಕೊರಗುತ್ತಾನೆ. ಇನ್ನು ‘ಸುಮ್ಮನಾದ’ ಎಂಬುದು ಇವೆಲ್ಲಕ್ಕಿಂತ ಬೇರೆ. ಸುಮ್ಮನಿರುವವನಲ್ಲಿ ಮಾತು ಇನ್ನೂ ಉಳಿದಿರುತ್ತದೆ. ಸುಮ್ಮನಾದವನಲ್ಲಿ ಅದು ಉಳಿದಿದೆಯೋ ಇಲ್ಲವೋ ಎಂದು ಹೊರಗಿನವರು ಹೇಳಲಾರರು. ನೀರವ, ನಿಶ್ಚಲ, ಸ್ತಬ್ಧ, ಪ್ರಶಾಂತ ಎಂದು ಸಂಸ್ಕೃತದಿಂದ ತಂದುಕೊಂಡ ಪದಗಳು ಭಾಷಣಕ್ಕೆ ಚೆನ್ನ; ಬದುಕಿಗೆ ಬೇಕಾದದ್ದು ‘ಸುಮ್ಮನೆ’ ಮತ್ತು ‘ತೆಪ್ಪಗೆ’ ಎಂಬ ಈ ಎರಡು ದೇಸಿ ಮಾತುಗಳೇ.

ಮುಂಬಯಿಯ ಫೋರ್ಟ್ ಪ್ರದೇಶದ ಬಗೆಗೆ ಬರೆಯಹೊರಟವನಿಗೆ ಈ ಪದಾರ್ಥ ಚಿಂತೆ ಏಕೆಂದು ಓದುಗರು ಕೇಳಬಹುದು. ಇತ್ತೀಚೆಗೆ ನಮ್ಮ ಸಂಘ ಸಂಸ್ಥೆಗಳ ಸಮಾರಂಭಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ. ‘ಈಗ ಕನ್ನಡಿಗರಿಗೆ ಈ ಊರಿನಲ್ಲಿ ಯಾವ ತಂಟೆಯೂ ಇಲ್ಲ, ಎಲ್ಲವೂ ಪ್ರಶಾಂತವಾಗಿದೆ’ ಎಂಬುದು ಆ ಮಾತು. ತಂಟೆಯಿಲ್ಲವೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ತಂಟೆಯಿಲ್ಲದಿರುವುದೆಲ್ಲ ಪ್ರಶಾಂತಿಯಲ್ಲ ಎಂಬುದು ನನ್ನ ನಮ್ರ ಅಭಿಪ್ರಾಯ. ಅದನ್ನು ನಿವೇದಿಸಲೆಂದೇ ಈ ಲೇಖನ.

ಭಾನುವಾರ ಮಧ್ಯಾಹ್ನ ಫೋರ್ಟಿನಲ್ಲಿ ನಡೆದಾಡಿದವರಿಗೆ ಅಲ್ಲಿನ ನಿಶ್ಶಬ್ದದ ಪರಿಚಯವಿದೆ. ವಾರದ ದಿನಗಳಲ್ಲಿ ಹೆಗಲಿಗೆ ಹೆಗಲು ತಾಗುವ ಬೋರಾ ಬಜಾರಿನಲ್ಲಿ ಅಂದು ಬೆಕ್ಕುಗಳು ರಸ್ತೆಯ ನಡುವೆ ಮಲಗಿರುತ್ತವೆ. ಹಾರ್ನಿಮನ್ ಸರ್ಕಲಿನ ಮರಗಳ ಕೆಳಗೆ, ಏಶಿಯಾಟಿಕ್ ಸೊಸೈಟಿಯ ಮೆಟ್ಟಿಲುಗಳ ಮೇಲೆ ನಾಲ್ಕು ಜನ ಕುಳಿತಿದ್ದರೆ ಹೆಚ್ಚು. 1878ರಲ್ಲಿ ಕಟ್ಟಿ ಮುಗಿಸಿದ ರಾಜಾಬಾಯಿ ಗೋಪುರದ ಗಡಿಯಾರದ ಸದ್ದು ಅಂದು ಮೈದಾನದಾಚೆಗೂ ಕೇಳುತ್ತದೆ. ಇದು ವಿಶ್ರಾಂತಿಯ ಮೌನ. ಸೋಮವಾರ ಬರುತ್ತದೆಂಬ ಭರವಸೆಯಿಂದಲೇ ಅದಕ್ಕೆ ಸೊಗಸು.

ಕಾಲಾಘೋಡಾದ ಡೇವಿಡ್ ಸಸೂನ್ ಗ್ರಂಥಾಲಯದ್ದು ಇನ್ನೊಂದು ಬಗೆ. 1870ರ ಆ ಕಟ್ಟಡದ ವಾಚನಾಲಯದಲ್ಲಿ ಕಾಲು ಚಾಚಿ ಕುಳಿತು ಓದುವ ಆರಾಮಕುರ್ಚಿಗಳಿವೆ. ಹಿಂಬದಿಯಲ್ಲಿ ಒಂದು ತೋಟ. ಹೊರಗೆ ಬಸ್ಸುಗಳ ಆರ್ಭಟ, ಒಳಗೆ ಪುಟ ಮಗುಚುವ ಸದ್ದು. ಇಲ್ಲಿನ ಮೌನ ತಾನಾಗಿ ಬಂದದ್ದಲ್ಲ, ನೂರಾರು ಜನ ಒಬ್ಬರಿಗೊಬ್ಬರು ಕೊಟ್ಟುಕೊಂಡದ್ದು. ಇಬ್ಬರು ಮಾತಾಡಿದರೆ ಇಪ್ಪತ್ತು ಜನರ ಪಾಲಿನದು ಕೆಡುತ್ತದೆ.

ಮೂರನೆಯದು ದಲಾಲ್ ಸ್ಟ್ರೀಟಿನದು. ಶೇರು ವಿನಿಮಯ ಕೇಂದ್ರದ ವ್ಯಾಪಾರದ ಅಂಗಣದಲ್ಲಿ ದಲ್ಲಾಳಿಗಳು ಕೈಸನ್ನೆ ಮಾಡುತ್ತ, ಗಂಟಲು ಹರಿಯುವಂತೆ ಬೆಲೆ ಕೂಗುತ್ತಿದ್ದುದನ್ನು ಕಂಡವರು ಇನ್ನೂ ಇದ್ದಾರೆ. 1995ರಲ್ಲಿ ಗಣಕಯಂತ್ರದ ಪರದೆಯ ಮೇಲೆ ವ್ಯವಹಾರ ಆರಂಭವಾಯಿತು, ಅಂಗಣ ಮೌನವಾಯಿತು. ವ್ಯಾಪಾರ ನಿಂತಿತೇ? ಇಲ್ಲ, ನೂರ್ಮಡಿಸಿತು. ಸದ್ದಿಲ್ಲದ ಕಡೆ ಏನೂ ನಡೆಯುತ್ತಿಲ್ಲವೆಂದು ಭಾವಿಸುವವರು ಒಮ್ಮೆ ಆ ರಸ್ತೆಯಲ್ಲಿ ನಿಂತು ಬರಬೇಕು.

ಇಷ್ಟು ಪೀಠಿಕೆಯಾದ ಮೇಲೆ ನಮ್ಮವರ ಮೌನಕ್ಕೆ ಬರುತ್ತೇನೆ.

ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳವರಿಗೆ 1956ರ ಅಕ್ಟೋಬರ್ 31ರವರೆಗೆ ಮುಂಬಯಿ ಪರಸ್ಥಳವಾಗಿರಲಿಲ್ಲ, ರಾಜಧಾನಿಯಾಗಿತ್ತು. ಅವರ ವ್ಯಾಜ್ಯಗಳು ಫೋರ್ಟಿನ ಹೈಕೋರ್ಟಿಗೆ ಬರುತ್ತಿದ್ದವು. ಮರುದಿನ ಬೆಳಗಾಗುವಷ್ಟರಲ್ಲಿ, ಮನೆಯ ಹೊಸ್ತಿಲು ದಾಟದೆಯೇ, ಇಲ್ಲಿ ನೆಲೆಸಿದ್ದ ಆ ಕನ್ನಡಿಗರು ಹೊರನಾಡಿಗರಾದರು. ನಮ್ಮ ಕರಾವಳಿಯವರಿಗೆ, ಆಗ ಮದ್ರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದವರಿಗೆ, ಮುಂಬಯಿ ಮೊದಲಿನಿಂದಲೂ ಹೊಟ್ಟೆಪಾಡಿನ ಊರು. ಇಲ್ಲಿಗೆ ಬಂದ ಹುಡುಗ ಕಲಿತ ಮೊದಲ ಮರಾಠಿ ಮಾತು ಬಹುಮಟ್ಟಿಗೆ ‘ಗಪ್ಪ ಬಸ್’ ಎಂಬುದೇ. ಮನೆಯಲ್ಲಿ ಅದನ್ನೇ ತುಳುವಿನಲ್ಲಿ ‘ಮನಿಪಂದೆ ಕುಲ್ಲು’ ಎಂದು ಕೇಳಿ ಬೆಳೆದಿದ್ದರಿಂದ ಅರ್ಥಕ್ಕೆ ತೊಡಕಾಗಲಿಲ್ಲ.

ಈ ತೆಪ್ಪಗಿರುವ ವಿದ್ಯೆಗೆ ಕಾರಣಗಳಿದ್ದವು. ಫ್ಲೋರಾ ಫೌಂಟನಿನ ಬಳಿ 1955ರ ನವೆಂಬರ್ 21ರಂದು ಗೋಲೀಬಾರಾಯಿತು; ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಪ್ರಾಣತೆತ್ತವರ ನೆನಪಿಗೆ ಆ ಸ್ಥಳ ಹುತಾತ್ಮ ಚೌಕವಾಯಿತು. ಅಲ್ಲಿ ತಲೆಬಾಗಿ ನಿಂತವರ ಮೌನ ಶೋಕದ್ದು, ಅದಕ್ಕೆ ನಾವೂ ಗೌರವ ಸಲ್ಲಿಸುತ್ತೇವೆ. 1966ರ ಬಳಿಕ ದಕ್ಷಿಣದವರ ವಿರುದ್ಧ ಎದ್ದ ಕೂಗು, 1969ರ ಫೆಬ್ರುವರಿಯಲ್ಲಿ ಗಡಿ ಪ್ರಶ್ನೆಯ ಹೆಸರಿನಲ್ಲಿ ಊರಿಗೆ ಊರೇ ಹೊತ್ತಿಕೊಂಡದ್ದು, ಇವನ್ನು ಕಂಡ ನಮ್ಮ ಹಿರಿಯರು ಬಾಗಿಲು ಮುಚ್ಚಿ, ಬೋರ್ಡು ಇಳಿಸಿ, ಮಾತು ತಗ್ಗಿಸಿ ಬದುಕಿದರು. ಅವರನ್ನು ಹೇಡಿಗಳೆನ್ನುವವರನ್ನು ನಾನು ಬಲ್ಲೆ. ಹಾಗೆನ್ನುವವರು ಸಾಮಾನ್ಯವಾಗಿ ಬೆಂಗಳೂರಿನಲ್ಲಿ ಕುಳಿತಿರುತ್ತಾರೆ. ಗಲ್ಲೆಯ ಹಿಂದೆ ಕುಳಿತವನಿಗೆ ಹತ್ತು ಹುಡುಗರ ಅನ್ನದ ಹೊಣೆಯಿರುವಾಗ ತೆಪ್ಪಗಿರುವುದೂ ಒಂದು ಜವಾಬ್ದಾರಿಯೇ. ಮುಂದೆ ಮರಾಠಿ ನೆರೆಹೊರೆಯವರೊಡನೆ ನಾವು ಕಟ್ಟಿಕೊಂಡ ಸೌಹಾರ್ದಕ್ಕೆ ಆ ಸಂಯಮವೂ ಒಂದು ತಳಪಾಯ.

ಆದರೆ ಹೊರಗೆ ತೆಪ್ಪಗಿದ್ದ ಆ ಜನ ಒಳಗೆ ಏನು ಮಾಡುತ್ತಿದ್ದರು ಎಂಬುದೇ ಮುಖ್ಯ. ಅವರು ರಾತ್ರಿ ಶಾಲೆ ನಡೆಸುತ್ತಿದ್ದರು.

ನಾನು 1971ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಉಡುಪಿಯ ಕಡೆಯ ಒಂದು ಹಳ್ಳಿಯಿಂದ ಬಂದು ಫೋರ್ಟಿನ ಹೋಟೆಲೊಂದರಲ್ಲಿ ಮೇಜು ಒರೆಸುವ ಕೆಲಸಕ್ಕೆ ನಿಂತವನು. ಬೆಳಗ್ಗೆ ಐದಕ್ಕೆ ಎದ್ದರೆ ಸಂಜೆ ಆರರವರೆಗೆ ಸದ್ದೋ ಸದ್ದು. ಸಪ್ಲೈಯರುಗಳು ಅಡಿಗೆಮನೆಗೆ ಕೂಗುವ ಆರ್ಡರು, ಮೋರಿಯಲ್ಲಿ ಕಪ್ಪು ಬಸಿಗಳ ಖಣಖಣ, ಗಿರಾಕಿಗಳ ಗದ್ದಲ. ಇದರ ನಡುವೆ ಮಾತಿಲ್ಲದವನೆಂದರೆ ಮೇಜು ಒರೆಸುವ ಹುಡುಗನೊಬ್ಬನೇ. ಅವನಿಗೆ ಹೆಸರೂ ಇಲ್ಲ, ‘ಏ ಪೋರಾ’ ಎಂದರೆ ಆಯಿತು.

ಫೋರ್ಟ್ ಆಫೀಸುಗಳ ಊರಾದುದರಿಂದ ಸಂಜೆ ಆರರ ಮೇಲೆ ಅಲ್ಲಿ ಗಿರಾಕಿಗಳಿರುತ್ತಿರಲಿಲ್ಲ. ಜನವೆಲ್ಲ ವಿ.ಟಿ.ಗೋ ಚರ್ಚ್‌ಗೇಟಿಗೋ ಹೊಳೆಯಾಗಿ ಹರಿದುಹೋದ ಮೇಲೆ ಹೋಟೆಲುಗಳು ಬೇಗ ಬಾಗಿಲೆಳೆಯುತ್ತಿದ್ದವು. ಹಗಲು ಶಾಲೆಗಳ ಕಟ್ಟಡಗಳೂ ಆ ಹೊತ್ತಿಗೆ ಖಾಲಿ. ಕನ್ನಡದ ರಾತ್ರಿ ಶಾಲೆಗಳು ಈ ಪ್ರದೇಶದಲ್ಲಿ ಬೇರೂರಿದ್ದು ಅಕಸ್ಮಾತ್ತಾಗಿ ಅಲ್ಲ ಎಂದು ನನಗೆ ಅನಿಸುತ್ತದೆ. ಸಂಜೆಯ ಆ ನಿಶ್ಚಲತೆಯನ್ನು ನಮ್ಮ ಹಿರಿಯರು ಬಂಡವಾಳ ಮಾಡಿಕೊಂಡರು. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮೊದಲಾದ ಸಂಸ್ಥೆಗಳು ಈ ನಗರದಲ್ಲಿ ನಡೆಸಿದ ರಾತ್ರಿ ಶಾಲೆಗಳಲ್ಲಿ ಓದಿದವರು ಮುಂದೆ ಗುಮಾಸ್ತರಾದರು, ವಕೀಲರಾದರು, ಹೋಟೆಲುಗಳ ಧಣಿಗಳಾದರು, ಲೇಖಕರಾದರು. ತಾನೇ ರಾತ್ರಿ ಶಾಲೆಯಲ್ಲಿ ಓದಿದ ಧಣಿ ತನ್ನ ಹುಡುಗರನ್ನು ಆರು ಗಂಟೆಗೆ ಬಿಟ್ಟುಕೊಡುತ್ತಿದ್ದ. ಓದದ ಧಣಿಯನ್ನು ಒಪ್ಪಿಸಲು ಶಾಲೆಯ ಮೇಷ್ಟ್ರು ಸ್ವತಃ ಗಲ್ಲೆಯ ಮುಂದೆ ಬಂದು ನಿಲ್ಲುತ್ತಿದ್ದರು.

ಆ ತರಗತಿಯ ಮೌನವನ್ನು ವಿವರಿಸುವುದು ಕಷ್ಟ. ಹಗಲು ಹೊತ್ತಿನ ಚಿಕ್ಕ ಮಕ್ಕಳ ಅಳತೆಯ ಬೆಂಚುಗಳಲ್ಲಿ ಮೀಸೆ ಬಂದವರು ಮೊಣಕಾಲು ಮಡಚಿ ಕುಳಿತಿರುತ್ತಿದ್ದೆವು. ಕೈಗಳಿಗೆ ಸೋಡಾದ, ಸಾಂಬಾರಿನ ವಾಸನೆ. ಕಿಟಕಿಯ ಹೊರಗೆ ಕೈಗಾಡಿಯವರ ಸದ್ದು ಒಂದೊಂದಾಗಿ ಅಡಗುತ್ತಿತ್ತು. ಎಂಟೂವರೆಯ ಹೊತ್ತಿಗೆ ಅರ್ಧ ತರಗತಿ ತೂಕಡಿಸುತ್ತಿತ್ತು. ನಮ್ಮ ಕನ್ನಡ ಮೇಷ್ಟ್ರು ಆಗ ದನಿ ಏರಿಸುತ್ತಿರಲಿಲ್ಲ, ಇಳಿಸುತ್ತಿದ್ದರು. ಮಲಗಿದವನು ಮಲಗಲಿ, ಎಚ್ಚರವಿದ್ದವನು ಮುಂದೆ ಬಂದು ಕೂರಲಿ ಎಂಬಂತೆ. ಮಲಗಿದವನ ಪುಸ್ತಕದಲ್ಲಿ ಪಾಠದ ಸಾರಾಂಶವನ್ನು ಪಕ್ಕದವನು ಬರೆದಿಡಬೇಕೆಂಬುದು ಅವರ ಕಟ್ಟಳೆ. ಹಗಲೆಲ್ಲ ‘ಗಪ್ಪ ಬಸ್’ ಎನಿಸಿಕೊಂಡ ಹುಡುಗನ ಹೆಸರನ್ನು ರಾತ್ರಿ ಏಳಕ್ಕೆ ಒಬ್ಬರು ತಂದೆಯ ಹೆಸರಿನ ಸಮೇತ ಕೂಗುತ್ತಿದ್ದರು. ಅವನು ಎದ್ದುನಿಂತು ‘ಹಾಜರ್’ ಎನ್ನುತ್ತಿದ್ದ. ದಿನದಲ್ಲಿ ಅವನು ಗಟ್ಟಿಯಾಗಿ ಆಡಿದ ಮಾತು ಅದೊಂದೇ ಇರಬಹುದು.

ಹೊರಗೆ ತೆಪ್ಪಗಿದ್ದ ಸಮುದಾಯ ತನ್ನ ಮಾತನ್ನು ಕಾಪಿಟ್ಟದ್ದು ಅಲ್ಲಿ. ನಾನು ಹೇಳುವ ‘ಸುಮ್ಮನಿರುವುದು’ ಅದು.

ಆ ಶಾಲೆಗಳಲ್ಲಿ ಹೆಚ್ಚಿನವು ಇಂದು ಇಲ್ಲ, ಇದ್ದರೂ ಹೆಸರಿಗೆ ಇವೆ. ಇದಕ್ಕೆ ಎದೆ ಬಡಿದುಕೊಳ್ಳುವವರ ಸಾಲಿನಲ್ಲಿ ನಾನಿಲ್ಲ, ಏಕೆಂದರೆ ಕಾರಣಗಳಲ್ಲಿ ಕೆಲವು ಒಳ್ಳೆಯವೇ ಆಗಿವೆ. 2006ರ ಅಕ್ಟೋಬರ್ 10ರಿಂದ ಹದಿನಾಲ್ಕರ ಒಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದಕ್ಕೆ ನಿಷೇಧ ಬಂತು. ಶಿಕ್ಷಣದ ಹಕ್ಕಿನ ಕಾಯಿದೆ 2010ರ ಏಪ್ರಿಲಿನಿಂದ ಜಾರಿಗೆ ಬಂತು. ಕರಾವಳಿಯ ಹುಡುಗ ಈಗ ಊರಿನಲ್ಲಿಯೇ ಪದವಿಯವರೆಗೆ ಓದುತ್ತಾನೆ; ಕಪ್ಪು ಬಸಿ ತೊಳೆಯಲು ಬಸ್ಸು ಹತ್ತುವುದಿಲ್ಲ. ಒಂದು ಬೆಂಚು ಈ ಕಾರಣದಿಂದ ಖಾಲಿಯಾಗಿದ್ದರೆ ಆ ಮೌನ ಶುಭ. ಇಲ್ಲಿಯೇ ನೆಲೆಸಿದವರು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದರು; ಫೋರ್ಟಿನ ಕಚೇರಿಗಳು ಬಾಂದ್ರಾ-ಕುರ್ಲಾ ಸಂಕೀರ್ಣಕ್ಕೆ ಸಾಗಿದವು; ಹೋಟೆಲು ಹುಡುಗರು ಉಪನಗರಗಳಿಗೆ ಚದುರಿದರು. ಇವೂ ಸಹಜ.

ಆದರೆ ಸಹಜವಲ್ಲದ್ದೂ ಇದೆ. 2017ರ ಮೇ ತಿಂಗಳಲ್ಲಿ ಮಹಾರಾಷ್ಟ್ರ ಸರಕಾರ ಹಗಲು ಶಾಲೆಯ ಶಿಕ್ಷಕರು ರಾತ್ರಿ ಶಾಲೆಯಲ್ಲಿಯೂ ಕೆಲಸ ಮಾಡಕೂಡದೆಂದು ನಿರ್ಣಯಿಸಿತು. ಎಷ್ಟೋ ರಾತ್ರಿ ಶಾಲೆಗಳು ನಿಂತದ್ದೇ ಅಂಥವರ ಹೆಗಲ ಮೇಲೆ. ಹೊಸಬರನ್ನು ನೇಮಿಸಬಹುದಿತ್ತಲ್ಲ ಎನ್ನುವವರು ಮುಂಬಯಿಯಲ್ಲಿ ಕನ್ನಡದಲ್ಲಿ ಬೀಜಗಣಿತ ಕಲಿಸಬಲ್ಲ ಹೊಸಬರನ್ನು ಹುಡುಕಿ ತೋರಿಸಲಿ. ಸೋಜಿಗವೆಂದರೆ ಅದೇ ವರ್ಷ ಆಗಸ್ಟಿನಲ್ಲಿ ಕೇಂದ್ರ ಸರಕಾರ ಶಬ್ದಮಾಲಿನ್ಯದ ನಿಯಮಗಳನ್ನು ತಿದ್ದಿತು. 2000ನೆಯ ಇಸವಿಯ ಆ ನಿಯಮಗಳ ಪ್ರಕಾರ ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತ ನೂರು ಮೀಟರು ಮೌನ ವಲಯ; ಅಲ್ಲಿ ಹಗಲು 50, ಇರುಳು 40 ಡೆಸಿಬೆಲ್ ಮೀರಿದ ಸದ್ದು ಸಲ್ಲದು. ರಾಜ್ಯ ಸರಕಾರ ಪ್ರತ್ಯೇಕವಾಗಿ ಘೋಷಿಸಿದ ಹೊರತು ಅದು ಮೌನ ವಲಯವಲ್ಲ ಎಂಬುದು ತಿದ್ದುಪಡಿಯ ತಾತ್ಪರ್ಯ. ಒಂದೇ ವರ್ಷದಲ್ಲಿ ರಾತ್ರಿಯ ಪಾಠ ಸುಮ್ಮನಾಯಿತು, ಪಾಠಕ್ಕೆ ಬೇಕಾದ ಸುಮ್ಮನೆಯೂ ಅರ್ಜಿ ಹಾಕಿ ಪಡೆಯಬೇಕಾದ ವಸ್ತುವಾಯಿತು.

ಸರಕಾರವನ್ನು ದೂರುವುದು ಸುಲಭ. ನಮ್ಮವರ ಪಾಲನ್ನೂ ಹೇಳಲೇಬೇಕು. ನನಗೆ ಅಕ್ಷರ ಕೊಟ್ಟ ಶಾಲೆಯನ್ನು ಮುಚ್ಚುವ ಠರಾವು ಬಂದ ಮಹಾಸಭೆಯಲ್ಲಿ ನಾನಿದ್ದೆ. ಸಂಸ್ಥೆಯ ಹೆಸರು ಬೇಡ. ಬೇರೆಡೆಯೂ ಇದೇ ಆಗಿರಬಹುದು. ಕಾರ್ಯಸೂಚಿಯಲ್ಲಿ ಅದು ಏಳನೆಯ ವಿಷಯ. ಎಂಟನೆಯದು ಭೋಜನ. ಅಧ್ಯಕ್ಷರು ಓದಿದರು, ‘ಆಕ್ಷೇಪಣೆ ಇದೆಯೇ?’ ಎಂದು ಕೇಳಿದರು, ಸಭೆ ಸುಮ್ಮನಿತ್ತು. ಶಾಲೆಯ ಜನರಲ್ ರಿಜಿಸ್ಟರುಗಳು, ಹಾಜರಿ ಪುಸ್ತಕಗಳು ಎಲ್ಲಿಗೆ ಹೋಗುತ್ತವೆಂದು ನಾನೂ ಇನ್ನಿಬ್ಬರೂ ಎದ್ದು ಕೇಳಿದೆವು. ಆಮೇಲೆ ನೋಡೋಣವೆಂದರು. ಮರುವರ್ಷ ಓದಿದ ನಡಾವಳಿಯಲ್ಲಿ ಆ ಪ್ರಶ್ನೆಯಿರಲಿಲ್ಲ. ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದಷ್ಟೇ ಇತ್ತು. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತನ್ನು ಕನ್ನೆ ನೋಡುವ ಶಾಸ್ತ್ರದಿಂದ ಮಹಾಸಭೆಗೆ ತಂದವರು ನಾವು. ಅಲ್ಲಿಯೂ ಅದು ಎಷ್ಟು ನ್ಯಾಯವಾಗಿತ್ತೆಂದು ನಮ್ಮ ಹೆಣ್ಣುಮಕ್ಕಳನ್ನು ಕೇಳಬೇಕು.

ಆಡಿದವರ ಮೌನಕ್ಕೂ ಆಡದವರ ಮೌನಕ್ಕೂ ಅಂತರವಿದೆ. ಗಾಂಧೀಜಿ ಸೋಮವಾರಗಳಂದು ಮೌನವಾಗಿರುತ್ತಿದ್ದರು. ಮಂಗಳವಾರ ಅವರು ಏನು ಹೇಳುತ್ತಾರೆಂದು ದೇಶ ಕಾಯುತ್ತಿತ್ತು. ನಮ್ಮ ಸಂಘಗಳ ಮೌನದ ಮರುದಿನಕ್ಕೆ ಕಾಯುವವರು ಯಾರು? ಯಶವಂತ ಚಿತ್ತಾಲರು 1979ರಲ್ಲಿ ಪ್ರಕಟಿಸಿದ ‘ಶಿಕಾರಿ’ಯಲ್ಲಿ ಮುಂಬಯಿಯ ಕಂಪೆನಿಯೊಂದು ನಾಗಪ್ಪನಿಗೆ ಅವನ ತಪ್ಪೇನೆಂದು ಹೇಳದೆಯೇ ಅವನನ್ನು ಕೆಲಸದಿಂದ ದೂರವಿರಿಸುತ್ತದೆ, ಅಧಿಕಾರದಲ್ಲಿರುವವರು ಬಾಯಿ ಬಿಡದಿರುವುದು ಒಬ್ಬ ಮನುಷ್ಯನನ್ನು ಹೇಗೆ ತಿನ್ನುತ್ತದೆಂಬುದನ್ನು ಮುಂಬಯಿ ಕನ್ನಡಿಗರೇ ಕನ್ನಡಕ್ಕೆ ಹೇಳಿಕೊಟ್ಟರು. ಅಂಥ ಕಾದಂಬರಿಯನ್ನು ಕೊಟ್ಟ ಊರಿನ ನಾವು ಬಾಯಿ ಬಿಡದ ನಡಾವಳಿಗಳನ್ನು ಬರೆಯುತ್ತಿದ್ದೇವೆ.

ತಾಯ್ನಾಡಿನ ಮೌನದ ರುಚಿಯನ್ನೂ ನಾವು ಕಂಡಿದ್ದೇವೆ. 2020ರ ಮಾರ್ಚಿನಲ್ಲಿ ಲೋಕಲ್ ರೈಲುಗಳು ನಿಂತವು. ಫೋರ್ಟು ಅಂದು ಸ್ತಬ್ಧವಾದಂತೆ ಹಿಂದೆಂದೂ ಸ್ತಬ್ಧವಾದುದನ್ನು ನಾನು ಕಂಡಿಲ್ಲ. ಹೋಟೆಲುಗಳು ಮುಚ್ಚಿ ಊಟ, ವಸತಿ ಎರಡೂ ಇಲ್ಲವಾದ ಕೆಲಸಗಾರರು ಊರಿಗೆ ಹೊರಟರು. ಮೇ 18ರಂದು ಕರ್ನಾಟಕ ಸರಕಾರ ಮಹಾರಾಷ್ಟ್ರವೂ ಸೇರಿದಂತೆ ಕೆಲವು ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದಿತು. ರೋಗದ ಭಯ ನಿಜವಾದದ್ದು, ಆಡಳಿತದ ಕಷ್ಟವೂ ನಿಜವಾದದ್ದು. ಆದರೆ ‘ಮುಂಬಯಿಯಿಂದ ಬಂದವರು’ ಎಂಬ ಮಾತು ಬೈಗುಳದಂತೆ ಬಳಕೆಯಾದ ಆ ದಿನಗಳಲ್ಲಿ, ರಾಜ್ಯೋತ್ಸವಕ್ಕೆ ನಮ್ಮಲ್ಲಿಗೆ ಬಂದು ‘ಹೊರನಾಡ ಕನ್ನಡಿಗರೇ ಕನ್ನಡದ ರಾಯಭಾರಿಗಳು’ ಎಂದು ಶಾಲು ಹೊದೆಸಿಕೊಂಡು ಹೋದ ಎಷ್ಟು ಜನ ನಮ್ಮ ಪರವಾಗಿ ಒಂದು ವಾಕ್ಯ ಆಡಿದರು? ನಮ್ಮ ಸಂಘಗಳು ಅದನ್ನು ಮುಂದಿನ ನವೆಂಬರಿನಲ್ಲಾದರೂ ಕೇಳಬೇಕಿತ್ತು. ಶಾಲುಗಳು ಮತ್ತೆ ತರಿಸಲ್ಪಟ್ಟವು, ಪ್ರಶ್ನೆ ಬರಲಿಲ್ಲ.

ಇಷ್ಟೆಲ್ಲ ಹೇಳಿ ರಾತ್ರಿ ಶಾಲೆಗಳನ್ನು ಮತ್ತೆ ತೆರೆಯಿರಿ ಎನ್ನಲು ನಾನು ಹೊರಟಿಲ್ಲ. ಹುಡುಗರಿಲ್ಲದ ಶಾಲೆಯನ್ನು ಅಭಿಮಾನಕ್ಕಾಗಿ ನಡೆಸುವುದು ವ್ಯರ್ಥ. ಆದರೆ ಮೌನ ಬೇಕಾದವರು ಈ ಊರಿನಲ್ಲಿ ಇಲ್ಲವೇ? ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಎಲ್ಲಿ ಓದುತ್ತಾರೆ? ಮುಂಬಯಿ ಮಹಾನಗರಪಾಲಿಕೆ ಕನ್ನಡವೂ ಸೇರಿ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸಿಕೊಂಡು ಬಂದಿದೆ. ಅದರ ಕನ್ನಡ ತರಗತಿಗಳನ್ನು ಇಂದು ತುಂಬಬಲ್ಲ ಮಕ್ಕಳು ಬಹುಪಾಲು ಇವರ ಮನೆಗಳವೇ. ಮನೆಯೆಂದರೆ ಹತ್ತಡಿಯ ಕೋಣೆ, ಅದರಲ್ಲಿ ಆರು ಜನ, ಒಂದು ಟೀವಿ, ಗೋಡೆಯಾಚೆ ಇನ್ನೊಂದು ಟೀವಿ. ಮರಾಠಿ ಸಂಸ್ಥೆಗಳು ಇಂಥ ಮಕ್ಕಳಿಗಾಗಿ ‘ಅಭ್ಯಾಸಿಕಾ’ ಎಂದು ಕರೆಯುವ ಓದುಕೋಣೆಗಳನ್ನು ನಡೆಸುತ್ತವೆ. ಮೇಜು, ದೀಪ, ಪಂಖ, ಬಾಗಿಲಲ್ಲಿ ಒಬ್ಬ ಹಿರಿಯ, ಅಷ್ಟೇ. ನಮ್ಮ ಸಂಘಗಳ ಸಭಾಗೃಹಗಳಾದರೋ ಮದುವೆ ಮುಂಜಿಗಳಿಲ್ಲದ ದಿನ ಬೀಗ ಹಾಕಿಕೊಂಡು ಪ್ರಶಾಂತವಾಗಿರುತ್ತವೆ. ಕರಾವಳಿಯವರು ಕಟ್ಟಿದ ಸಭಾಗೃಹಕ್ಕೆ ಕಲಬುರಗಿಯವರ ಮಕ್ಕಳೇ ಎಂದು ಹುಬ್ಬೇರಿಸುವವರು ಇದ್ದಾರೆಂಬುದು ನನಗೆ ಗೊತ್ತು. ಅಂಥವರು ತಮ್ಮ ತಂದೆ ಬಂದಿಳಿದಾಗ ಕೈಯಲ್ಲಿ ಏನಿತ್ತೆಂದು ಮನೆಯಲ್ಲಿ ವಿಚಾರಿಸಲಿ.

ಮೊದಲನೆಯದಾಗಿ, ಒಂದು ಸಭಾಗೃಹವನ್ನು ವಾರದ ಐದು ಸಂಜೆ, ಆರೂವರೆಯಿಂದ ಒಂಬತ್ತೂವರೆಯವರೆಗೆ, ಓದುವ ಮಕ್ಕಳಿಗೆ ತೆರೆದಿಡಬೇಕು. ಮಗು ಯಾವ ಮಾಧ್ಯಮದ್ದೆಂದು ಕೇಳಬಾರದು, ಬಾಗಿಲಲ್ಲಿ ಕೂರುವವರು ಮಾತ್ರ ಕನ್ನಡ ಬಲ್ಲವರಾಗಿರಬೇಕು. ನಿವೃತ್ತ ಬ್ಯಾಂಕು ನೌಕರನಾದ ನಾನು ವಾರಕ್ಕೆ ಎರಡು ಸಂಜೆ ಬರಲು ಸಿದ್ಧ. ಎರಡನೆಯದಾಗಿ, ಮುಚ್ಚಿದ ರಾತ್ರಿ ಶಾಲೆಗಳ ಜನರಲ್ ರಿಜಿಸ್ಟರುಗಳು ಗೆದ್ದಲಿಗೆ ಹೋಗುವ ಮುನ್ನ ಅವುಗಳ ಛಾಯಾಪ್ರತಿ ತೆಗೆಸಿ, ಒಂದು ಪ್ರತಿಯನ್ನು ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ ಒಪ್ಪಿಸಬೇಕು. ಹುಡುಗನ ಹೆಸರು, ತಂದೆಯ ಹೆಸರು, ಹುಟ್ಟಿದೂರು, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ ಎಂದು ಅವುಗಳಲ್ಲಿ ಕಲಮುಗಳಿವೆ. ಬಿಟ್ಟ ಕಾರಣದ ಕಲಮಿನಲ್ಲಿ ನಮ್ಮ ಗುಮಾಸ್ತರು ‘ಕೆಲಸ ಬದಲು’, ‘ಊರಿಗೆ’, ‘ಕಾಯಿಲೆ’ ಎಂದು ಬರೆಯುತ್ತಿದ್ದುದನ್ನು ನಾನೇ ಕಂಡಿದ್ದೇನೆ. ನಮ್ಮ ವಲಸೆಯ ಚರಿತ್ರೆಗೆ ಇದಕ್ಕಿಂತ ಗಟ್ಟಿಯಾದ ಆಕರ ಇನ್ನೊಂದಿಲ್ಲ.

ಈ ಎರಡು ವಿಷಯಗಳನ್ನು ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದು ಲಿಖಿತವಾಗಿ ಕೊಟ್ಟಿದ್ದೇನೆ, ಭೋಜನಕ್ಕಿಂತ ಕನಿಷ್ಠ ಮೂರು ವಿಷಯ ಮುಂಚೆ ಇರಲೆಂದು ವಿನಂತಿಸಿಯೂ ಇದ್ದೇನೆ. ಅನುಮೋದಕರಾಗಿ ಇನ್ನಿಬ್ಬರು ಸದಸ್ಯರ ಸಹಿ ಬೇಕಾಗಿದೆ.